ಧಡೆ

ಚಳ್ಳಕೆರೆಯ ಶೇಂಗಾ ಮಂಡಿಯಲ್ಲಿ ಅಪ್ಪ ತೂಕದವನು.
ಚೀಲ ಏರುವ ಮೊದಲು ಖಾಲಿ ತಕ್ಕಡಿಯ ಮುಂದೆ ಕೂತು
ಹಗುರ ಕಂಡ ತಟ್ಟೆಗೊಂದು ಹಂಚಿನ ಚೂರು ಇಟ್ಟು
ಮುಳ್ಳು ನೆಟ್ಟಗೆ ನಿಲ್ಲಿಸುತ್ತಿದ್ದ.
'ಧಡೆ ಕಟ್ಟದೆ ತೂಗಿದ್ದು ತೂಕವಲ್ಲ, ಬರೀ ಮಾತು.'

ನಾನೂ ಈಗ ತೂಗುವವಳೇ.
ಊರಾಚೆ ಹುಲ್ಲುಗಾವಲಲ್ಲಿ ಆರು ಮೀಟರಿನ ಒಂದು ಡಿಶ್ಶು,
ಪಕ್ಕದಲ್ಲಿ ತಗಡಿನ ಕೋಣೆ, ಒಂದು ಫ್ಯಾನು. ಅದನ್ನೂ ಆರಿಸಿಡಬೇಕು.
ತೂಗುವುದು ಕಣ್ಣಿಗೆ ಕಾಣದ ಬೆಳಕನ್ನು:
ನಮ್ಮ ಹಾಲುಹಾದಿ ದಾಟಿ, ಅದರಾಚೆಯ ಗೆಲಾಕ್ಸಿಗಳನ್ನೂ ದಾಟಿ
ಎಲ್ಲೋ ಒಂದರ ಹೊಟ್ಟೆಯಿಂದ ಚಿಮ್ಮಿದ ಎರಡು ಬುಗ್ಗೆಗಳ
ಪಿಸುಮಾತು. ಪಿಸುಮಾತೂ ಅಲ್ಲ,
ಯಾವ ಶಬ್ದ ಇಟ್ಟರೂ ಒಂದಿಷ್ಟು ಹೆಚ್ಚೇ ತೂಗುತ್ತದೆ.

ಮೊದಲು ಧಡೆ.
ಏನೂ ಇಲ್ಲದ ಕಡೆ ಡಿಶ್ಶು ತಿರುಗಿಸುತ್ತೇನೆ.
ಅಲ್ಲೂ ಮುಳ್ಳು ಸೊನ್ನೆಗೆ ಬರುವುದಿಲ್ಲ.
ತಂತಿಯ ಬಿಸಿ ಅಷ್ಟು, ಗಾಳಿಯ ಪಸೆ ಇಷ್ಟು,
ಹಗಲೆಲ್ಲ ಕಾದ ಗುಡ್ಡದ ಬಂಡೆ
ರಾತ್ರಿ ಹತ್ತಾದರೂ ಡಿಶ್ಶಿನ ಅಂಚಿನಿಂದ ಇಣುಕಿ
ತನ್ನ ಪಾಲು ಸೇರಿಸುತ್ತದೆ.
ದುರ್ಗದ ಕಲ್ಲು, ಸುಮ್ಮನಿರುವ ಜಾತಿಯಲ್ಲ.
ಎಲ್ಲ ಕಳೆದು, ತೂಕ ಗೊತ್ತಿರುವ ಹಳೆಯ ಮೂಲವೊಂದನ್ನು
ಸರ್ಕಾರಿ ಮುದ್ರೆಯ ಬಟ್ಟಿನಂತೆ ಒಮ್ಮೆ ಇಟ್ಟು ನೋಡಿ
ಆಮೇಲೆ ನನ್ನದು.

ನನ್ನದಕ್ಕೆ ಕ್ಯಾಟಲಾಗಿನಲ್ಲಿ ಹೆಸರಿಲ್ಲ, ಒಂದು ಸಾಲು ಅಂಕಿ ಇದೆ.
ಕೆಳ ಸ್ವರದಲ್ಲಿ ಗಟ್ಟಿ, ಮೇಲೇರಿದಂತೆ ಕ್ಷೀಣ.
ನಾಲ್ಕು ಕಡೆ ಅಳೆದು ನಾಲ್ಕು ಚುಕ್ಕೆ ಇಟ್ಟರೆ
ಒಂದು ಇಳಿಜಾರು. ಕಡಿದಾದಷ್ಟೂ ಮುಪ್ಪು.
ಕಸುವಿನ ಕಣಗಳೇ ಮೊದಲು ದಣಿಯುತ್ತವಂತೆ.
ಅಜ್ಜಿಯ ಕಿವಿಗೂ ಮೊದಲು ಹೋದದ್ದು ಗುಬ್ಬಿಯ ಚಿಲಿಪಿಲಿ.

ಮಾಘದಲ್ಲಿ ಅದು ನೆತ್ತಿ ದಾಟುವುದು ರಾತ್ರಿ ಒಂಬತ್ತೂ ನಲವತ್ತಕ್ಕೆ.
ಮೂರು ರಾತ್ರಿ ಅಳೆದೆ. ಮೂರೂ ರಾತ್ರಿ
ಮೇಲಿನ ಚುಕ್ಕೆ ಇಳಿಯಲೇ ಇಲ್ಲ, ಎದ್ದು ಕೂತಿತ್ತು.
ಮುದಿ ಮೂಲಕ್ಕೆ ಮತ್ತೆ ಹರೆಯ!
ಡೈರಿಯಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದೆ,
ಸಾರಿಗೆ ಉಪ್ಪು ಹಾಕುವುದು ಮರೆತೆ.

ಆದರೆ ಆಕಾಶದ ಗಡಿಯಾರ ನಮ್ಮದಲ್ಲ.
ಅಲ್ಲಿನವರು ದಿನಕ್ಕೆ ನಾಲ್ಕು ನಿಮಿಷ ಮುಂಚೆ ಬರುತ್ತಾರೆ,
ಹದಿನೈದು ದಿನಕ್ಕೆ ಒಂದು ಗಂಟೆ.
ಹದಿನಾರನೇ ರಾತ್ರಿ ನನ್ನ ಮೂಲ ಎಂಟೂ ನಲವತ್ತಕ್ಕೇ ಬಂದು
ಕ್ಯಾಟಲಾಗಿನಷ್ಟೇ ಕ್ಷೀಣವಾಗಿ ದಾಟಿಹೋಯಿತು.
ಉಬ್ಬು ಮಾತ್ರ ಒಂಬತ್ತೂ ನಲವತ್ತಕ್ಕೆ ಸರಿಯಾಗಿ,
ಊರ ಗಡಿಯಾರ ಕಟ್ಟಿಕೊಂಡು.

ಟಾರ್ಚು ಹಿಡಿದು ಹೋದೆ. ಜಾಲಿ ಸಾಲಿನಾಚೆ ನೀಲಿ ಮಿಂಚು.
ದಾದಾಪೀರನ ವೆಲ್ಡಿಂಗ್ ಶೆಡ್ಡು,
ಶೇಂಗಾ ಬಿಡಿಸುವ ಯಂತ್ರದ ಮುರಿದ ಹಲ್ಲು.
'ತ್ರೀ ಫೇಸ್ ಕೊಡಾದೇ ಒಂಬತ್ತೂವರೆ ಮ್ಯಾಲೆ ಮೇಡಂ.
ಯಾಕೆ, ನಿಮ್ ಟೀವಿಗೆ ಗೆರೆ ಬರ್ತಾವಾ?'
ಹೇಳಿದೆ, ಆದಷ್ಟು. ಮುಖದ ಗಾಜು ಎತ್ತಿ ಕೇಳಿದ, ಎಷ್ಟು ದೂರ?
ಅದನ್ನೂ ಹೇಳಿದೆ.
'ಅಷ್ಟು ದೂರದ್ದಕ್ಕೆ ನನ್ ಕಿಡಿ ಸೇರ್ಕಂತಾ?'
ಎಂದು ನಕ್ಕ, ಮಗ ರ‍್ಯಾಂಕು ಬಂದವನ ಹಾಗೆ.

ಆಮೇಲೆ ಗ್ರೈಂಡರಿಗೆ ಎರಡು ತುಂಡು ಒಡ್ಡಿ ತೋರಿಸಿದ:
ಬೀಡು, ಕೆಂಪಗೆ ಗಿಡ್ಡ ಕಿಡಿ.
ಲಾರಿ ಸ್ಪ್ರಿಂಗು, ಹಳದಿ, ತುದಿಯಲ್ಲಿ ಕವಲೊಡೆದ ಹೂವು.
'ಕಿಡಿ ನೋಡಿದ್ರೆ ಸಾಕು, ಕಬ್ಣ ಯಾವ್ದಂತ ಹೇಳ್ತೀನಿ.
ಮುಟ್ಟಾದೇ ಬ್ಯಾಡ.'
ನಾನು ಮಾಡುವುದೂ ಅದೇ, ಎಂದೆ.
ಮುಟ್ಟಲು ನನಗೆ ಸಿಗುವುದೂ ಇಲ್ಲ.

'ಒಂದ್ ವಾರ ನಿಲ್ಲಿಸ್ಲಾ?'
ಬೇಡ. ಅದು ದಿನಾ ನಾಲ್ಕು ನಿಮಿಷ ತಾನೇ ಸರಿದುಕೊಳ್ಳುತ್ತದೆ
ನಿಮ್ಮ ಕರೆಂಟಿಗೆ ದಾರಿ ಬಿಟ್ಟು.

ಮರಳಿ ಬಂದು ಆ ಎರಡು ಗೆರೆ ಹೊಡೆದುಹಾಕಿದೆ.
ಚುಕ್ಕೆಯನ್ನು ಅದರ ಇಳಿಜಾರಿಗೆ ಇಳಿಸಿ
ಮೇಲೊಂದು ಕೆಳಗೊಂದು ಅಡ್ಡಗೀಟು ಎಳೆದೆ:
ಇಷ್ಟರೊಳಗೆ ಎಲ್ಲೋ ಇದೆ, ಹೆಚ್ಚು ಕೇಳಬೇಡಿ.
ಧಡೆಯ ಪಟ್ಟಿಯಲ್ಲಿ ತಂತಿ, ಗಾಳಿ, ಬಂಡೆಯ ಕೆಳಗೆ
ಹೊಸ ಸಾಲು:
ದಾದಾಪೀರ, ರಾತ್ರಿ ಒಂಬತ್ತೂ ನಲವತ್ತು,
ಶುಕ್ರವಾರ ಬಿಟ್ಟು.