ಒಂದು ಚಮಚ

ಬಿಳಿ ಪುಡಿ. ರುಚಿಯಿಲ್ಲ, ವಾಸನೆಯಿಲ್ಲ.
"ಎಂಥ ಮದ್ದು ಅದು, ಹರಿಣಾಕ್ಷಿ?"
ಬೂತಾಯಿಯ ತಲೆ ಮುರಿಯುತ್ತಾ ಅಮ್ಮ.
ಮದ್ದಲ್ಲ. ಕ್ರಿಯಾಟಿನ್.
ನಿನ್ನ ಮೀನಿನಲ್ಲೂ ಉಂಟು, ಚೂರು.
"ಹಾಗಾದರೆ ಇನ್ನೆರಡು ತಿನ್ನು, ದುಡ್ಡು ಯಾಕೆ ದಂಡ?"

ಭಾರ ಎತ್ತುವ ಮೊದಲಾ, ಆಮೇಲಾ?
ವಾಮನಣ್ಣ ನಕ್ಕರು:
"ದಿನಾ ತಗೋ, ಸಾಕು.
ಬಾವಿಗೆ ಗೊತ್ತುಂಟಾ
ಒರತೆ ಬಂದ ಗಳಿಗೆ?
ನೀರು ಮಾತ್ರ ಸರೀ ಕುಡಿ."

ಇಪ್ಪತ್ತಾರನೇ ದಿನ,
ಧಕ್ಕೆಯ ಗಾಳಿ ಬರುವ ಕಿಟಕಿಯ ಪಕ್ಕ
ತೊಂಬತ್ತು ಕಿಲೋ ನೆಲ ಬಿಟ್ಟಿತು.
ಪುಡಿಯೋ, ಬೂತಾಯಿಯೋ,
ಹದಿನೆಂಟು ವರ್ಷ ಬುಟ್ಟಿ ಹೊತ್ತ
ಆ ಕುತ್ತಿಗೆಯಿಂದ ಇಳಿದು ಬಂದದ್ದೋ,
ನನಗೇನು ಗೊತ್ತು.

ಇವತ್ತು ಅವಳೇ
ಬಿಸಿ ಗಂಜಿಯ ತೆಳಿಗೆ ಹಾಕಿದಳು
ಒಂದು ಚಮಚ,
ಬೆರಳಿನಲ್ಲಿ ಸಮ ಮಾಡಿ,
ಒಂದು ಮೀನೂ ಜಾಸ್ತಿ ಕೊಡದ
ವ್ಯಾಪಾರದವಳ ಹಾಗೆ.