ಐದನೇ ಜ್ವರ

ನಮ್ಮ ಕಡೆ ರೇಷ್ಮೆ ಹುಳಕ್ಕೆ ನಾಲ್ಕು ಜ್ವರ.
ಜ್ವರವೆಂದರೆ ಕಾಯಿಲೆಯಲ್ಲ;
ತಲೆ ಎತ್ತಿ, ಸೊಪ್ಪು ಬಿಟ್ಟು, ಕಲ್ಲಿನ ಹಾಗೆ ಕೂರುತ್ತದೆ,
ಪೊರೆ ಕಳಚಿ ಎದ್ದರೆ ಒಂದು ಸುತ್ತು ದಪ್ಪ.
ಆಗ ಮುಟ್ಟಬಾರದು, ಮೇವು ಹಾಕಬಾರದು,
ಸುಮ್ಮನಿರುವುದೇ ಕೆಲಸ.
ಇಪ್ಪತ್ತಾರು ವರ್ಷದ ಕೆಳಗೆ ಅತ್ತೆ ಕಲಿಸಿದ್ದು ಇದನ್ನೇ.

ಹಾಗಾಗಿ ಬುಧವಾರ
ಮೂರೂವರೆ ವಾರದ ಕೋಳಿಮರಿಯೊಂದು
ರೆಕ್ಕೆ ಜೋಲಿಸಿ, ಗರಿ ಉಬ್ಬಿಸಿ
ಮೂಲೆಯಲ್ಲಿ ಕಣ್ಣು ಮುಚ್ಚಿ ನಿಂತಾಗ
ನಾನು ಸುಮ್ಮನಿದ್ದೆ.
ಬೆಳೆದು ಏಳುತ್ತದೆ ಅಂದುಕೊಂಡೆನೋ ಏನೋ.
ಇಪ್ಪತ್ತೆರಡು ಗಿರಿರಾಜ ಮರಿ,
ಖಾಲಿ ಬಿದ್ದ ಚಾಕಿ ಕೋಣೆಯಲ್ಲಿ
ಹಳೇ ಬಿದಿರು ತಟ್ಟೆ ಅಡ್ಡ ಕಟ್ಟಿ
ಬಲ್ಬು ಇಳಿಬಿಟ್ಟು ಸಾಕಿದ್ದವು.

ಗುರುವಾರಕ್ಕೆ ಮೂರಾದವು.
ಗುಡಿಸುವಾಗ ಕಡಲೆಕಾಯಿ ಸಿಪ್ಪೆಯ ಮೇಲೆ
ಇಟ್ಟಿಗೆ ಪುಡಿ ಚೆಲ್ಲಿದಂತೆ ಏನೋ.
ಕಡ್ಡಿಯ ತುದಿಗೆ ಹತ್ತಿಸಿ ಬಿಸಿಲಿಗೆ ಹಿಡಿದೆ.
ಇಟ್ಟಿಗೆಯಲ್ಲ.

ಪಿಳ್ಳಮ್ಮ ಗೋಡೆಯಾಚೆಯಿಂದಲೇ ತೀರ್ಪು ಕೊಟ್ಟಳು:
"ಕೊಕ್ಕರೆ ರೋಗ ಕಣೇ, ಒಂದೂ ಉಳಿಯಲ್ಲ."
ಕೊಕ್ಕರೆ ರೋಗಕ್ಕೆ ಕತ್ತು ತಿರುಚಬೇಕು,
ಕೊಕ್ಕು ತೆರೆದು ಉಸಿರಿಗೆ ಒದ್ದಾಡಬೇಕು.
ಇವುಗಳ ಕತ್ತು ನೆಟ್ಟಗಿತ್ತು.
ಏಳನೇ ದಿನವೇ ಕಣ್ಣಿಗೆ ಹನಿ ಹಾಕಿಸಿದ್ದೆ ಬೇರೆ.
ಆದರೂ ಅವಳ ಮಾತು ಮಧ್ಯಾಹ್ನದವರೆಗೂ
ಮುದ್ದೆಯ ಗಂಟಿನಂತೆ ಗಂಟಲಲ್ಲಿ.

ನನ್ನ ಕೈಗೆ ಗೊತ್ತಿದ್ದ ವೈದ್ಯ ಒಂದೇ:
ಹಾಲು ತುಂಬಿದ ಹುಳ, ಸಪ್ಪೆ ಹುಳ ಕಂಡರೆ
ಕಡ್ಡಿಯಲ್ಲಿ ಎತ್ತು, ಸುಣ್ಣದ ನೀರಿಗೆ ಹಾಕು,
ತಿರುಗಿ ನೋಡಬೇಡ.
ಒಂದಕ್ಕೆ ಮರುಗಿದರೆ ತಟ್ಟೆಯೇ ಹೋಗುತ್ತದೆ.
ಹುಳದ ಮನೆಯಲ್ಲಿ ರೋಗ ಉಂಟು, ರೋಗಿ ಇಲ್ಲ.

ಆ ಮರಿಯನ್ನೂ ಹಾಗೆಯೇ ಎತ್ತಿದೆ.
ಎದೆಮೂಳೆ ಚಾಕುವಿನ ಅಲಗು,
ಕಾಲು ಬಿಳುಚಿ ತಣ್ಣಗೆ.
ಅದು ಒಂದು ಕಣ್ಣು ತೆರೆದು
ನನ್ನ ಬಳೆಯನ್ನು ಒಮ್ಮೆ ಕುಕ್ಕಿತು.
ಹುಳ ಯಾವತ್ತೂ ಹಾಗೆ ಮಾಡಿರಲಿಲ್ಲ.

ಶಿಡ್ಲಘಟ್ಟದ ಪಶು ಆಸ್ಪತ್ರೆಯಲ್ಲಿ
ಕವರಿನಲ್ಲಿ ಕಟ್ಟಿ ಒಯ್ದ ಹಿಕ್ಕೆಯನ್ನು
ಇನಾಯತ್ ಡಾಕ್ಟರು
ಅಕ್ಕಸಾಲಿ ಗುಂಜಿ ನೋಡುವಂತೆ ನೋಡಿದರು.
"ರಕ್ತಭೇದಿ. ನೀರಿನ ಬಟ್ಟಲು ಎಲ್ಲಿಟ್ಟಿದ್ದೀರಿ?"
ನೆಲದ ಮೇಲೆ.
"ಸುತ್ತ ಒದ್ದೆಯೋ?"
ನಾನು ಸೆರಗು ಸರಿಮಾಡಿಕೊಂಡೆ.
ಚಾಕಿ ಹುಳಕ್ಕೆ ಒದ್ದೆ ಗೋಣಿ, ಒದ್ದೆ ಗಾಳಿ;
ಅದೇ ಕೋಣೆ, ಅದೇ ಕೈ, ಅದೇ ಅಭ್ಯಾಸ.
ಕೊಂದದ್ದು ಯಾರೆಂದು ಅವರು ಹೇಳಲಿಲ್ಲ.

ಚೀಟಿಯಲ್ಲಿ ಬರೆದಷ್ಟು ಪುಡಿ, ದಿನವೂ ಹೊಸ ನೀರಿಗೆ.
ಬೇರೆ ನೀರು ಕಣ್ಣಿಗೂ ಬೀಳಬಾರದು.
ಐದು ದಿನ ಪೂರ್ತಿ, ಆಮೇಲೆ ಅರ್ಧ.
"ಮೂರನೇ ದಿನ ಚೆನ್ನಾಗಿವೆ ಅಂತ ನಿಲ್ಲಿಸುವವರು ನೀವೇ,
ಹತ್ತನೇ ದಿನ ಅಳುತ್ತಾ ಬರುವವರೂ ನೀವೇ."
ಪಿಳ್ಳಮ್ಮ ಕನಿಕರದಿಂದ ತಂದ ಬಿ ವಿಟಮಿನ್ ಟಾನಿಕ್
ಈಗ ಬೇಡವಂತೆ, ಔಷಧಿಯ ಬಲ ಅದು ತಿನ್ನುತ್ತದಂತೆ.
ಬಾಟಲಿ ಗೂಡಿನಲ್ಲಿದೆ, ಅವಳಿಗೆ ಹೇಳಿಲ್ಲ.

ಸಿಪ್ಪೆಯನ್ನೆಲ್ಲ ಬಾಚಿ ತಿಪ್ಪೆಯಾಚೆ ಸುಟ್ಟೆ.
ನೆಲ ಕಾಯಿಸಿ ಒಣಗಿಸಿ ಹೊಸದು ಹರಡಿದೆ.
ಬಟ್ಟಲ ಕೆಳಗೆ ಎರಡು ಇಟ್ಟಿಗೆ,
ಮರಿಯ ಬೆನ್ನಿನೆತ್ತರಕ್ಕೆ.
ಕುಡಿಯದ ಮೂರಕ್ಕೆ ಬೇರೆ ಬುಟ್ಟಿ,
ಇಂಕ್ ಫಿಲ್ಲರಿನಲ್ಲಿ ಕೊಕ್ಕಿನ ಅಂಚಿಗೆ ಹನಿ ಹನಿ,
ರಾತ್ರಿ ಹನ್ನೊಂದಕ್ಕೆ, ಎರಡಕ್ಕೆ, ಕೋಳಿ ಕೂಗುವುದಕ್ಕೆ.

ಶುಕ್ರವಾರ ಒಂದು ಹೋಯಿತು. ಶನಿವಾರ ಇನ್ನೊಂದು.
ಮೂರನೆಯದು ಸೋಮವಾರ ಬುಟ್ಟಿ ಹಾರಿತು.

ಈಗ ಇಪ್ಪತ್ತು.
ಬಳೆ ಕುಕ್ಕಿದ್ದು ಉಳಿಯಿತೋ ಇಲ್ಲವೋ
ನಿಜವಾಗಿ ಗೊತ್ತಿಲ್ಲ; ಬುಟ್ಟಿಯೊಳಗೆ ಮೂರೂ ಒಂದೇ ಬಣ್ಣ.
ಈಗಂತೂ ಎಲ್ಲವೂ ಕುಕ್ಕುತ್ತವೆ.

ಹೊಸ ಬೆಳೆ ಮೊನ್ನೆ ನಾಲ್ಕನೇ ಜ್ವರ ಎದ್ದಿತು.
ಸಪ್ಪೆ ಹುಳ ಹುಡುಕಿ ಎತ್ತುತ್ತೇನೆ.
ಸುಣ್ಣದ ಬಕೀಟಿನ ಮೇಲೆ ಕಡ್ಡಿ
ಒಂದು ಚಣ ನಿಲ್ಲುತ್ತದೆ.
ಆಮೇಲೆ ಹಾಕುತ್ತೇನೆ.