ಏಳನೇ ತಾರೀಖಿನ ಮೂರು ಸಾವಿರ

ಗದರುವವನು ಕಳ್ಳನೇ ಇರಬೇಕೆಂದು
ಬಚ್ಚಪ್ಪನಿಗೆ ಗೊತ್ತಾಗಿತ್ತು.
ಸೋಮವಾರ ಫೋನಿನಲ್ಲಿ ಯಾರೋ
ಇನ್‌ಕಂ ಟ್ಯಾಕ್ಸ್ ಆಫೀಸರಂತೆ, ಹಿಂದಿಯಲ್ಲಿ ಓಟಿಪಿ ಕೇಳಿದಾಗ
‘ಗೂಡು ಬೇಯ್ತಾ ಐತೆ, ಆಮೇಲೆ ಮಾಡಪ್ಪ’
ಅಂದು ಇಟ್ಟುಬಿಟ್ಟನಂತೆ.

ನಿಜವಾದದ್ದು ಸದ್ದಿಲ್ಲದೆ ಬಂತು,
ನನ್ನ ಮೇಲ್‌ಗೆ.
ಶಿಡ್ಲಘಟ್ಟದ ನೂರಾ ನಲವತ್ತು ರೀಲರುಗಳಿಗೆ
ಇಲಾಖೆಯ ಲೆಕ್ಕದಲ್ಲಿ ನಾನೇ ವಿಳಾಸ:
ಗೂಡಿನ ಮಾರ್ಕೆಟ್ಟಿನೆದುರು ಜೆರಾಕ್ಸ್ ಅಂಗಡಿ ಮೇಲೆ
ಒಂದು ಫ್ಯಾನು, ಒಂದು ಲ್ಯಾಪ್‌ಟಾಪು,
ಇಬ್ಬರು ಒತ್ತಿ ಕೂರುವ ಬೆಂಚು.
ನೋಟಿಸಿನ ದಾಖಲೆ ಸಂಖ್ಯೆ ಹಾಕಿ ನೋಡಿದೆ. ಅಸಲಿ.
ಉತ್ತರಕ್ಕೆ ಹದಿನೈದು ದಿನ.

ಎರಡು ದಿನ ಬಿಟ್ಟು ಬಂದ.
ಬಿಸಿನೀರಲ್ಲಿ ಬೆಂದು ಬೆಂದು ಗೆರೆ ಅಳಿಸಿದ ಬೆರಳು,
ಬ್ಯಾಂಕಿನ ಯಂತ್ರ ಇವತ್ತಿಗೂ ಓದಲಾರದ ಹೆಬ್ಬೆಟ್ಟು.
‘ಪಾಸ್‌ಬುಕ್ಕು ಹೆಂಡ್ತಿಗೂ ತೋರ್ಸಿಲ್ಲ ಮೇಡಂ,
ಇವರಿಗೆ ಯಾರು ಹೇಳಿದ್ದು?’
‘ಪ್ಯಾನ್ ಕೊಟ್ಟಿದ್ದಿರಲ್ಲ. ಬ್ಯಾಂಕೇ ಹೇಳಿತು.’
ಸ್ವಲ್ಪ ಹೊತ್ತು ಯೋಚಿಸಿದ.
‘ಎಳೆ ಸಿಕ್ತು ಅನ್ನಿ.
ಎಳೆ ಸಿಕ್ಕಮೇಲೆ ಗೂಡು ತಾನೇ ತಿರುಗ್ತದೆ ಬಿಡಿ.’

ಸಾಲು ಸಾಲಾಗಿ ಓದಿದೆ.
ಮೇ ಹತ್ತೊಂಬತ್ತು, ಎರಡು ಲಕ್ಷ ಹತ್ತು ಸಾವಿರ ನಗದು:
ರೇಟು ಏರಲಿ ಅಂತ ಮೂರು ತಿಂಗಳು ಇಟ್ಟಿದ್ದ ನೂಲಿನದು.
ಜುಲೈ, ಎಂಬತ್ತು ಸಾವಿರ: ಪಕ್ಕದ ಅನ್ವರನದು,
ಅವನ ಖಾತೆ ಆಗ ನಿಂತುಹೋಗಿತ್ತು.
ಒಂಬೈನೂರು: ಸತ್ತ ಹುಳ ಮಾರಿದ್ದು, ಮೀನಿನ ಮೇವಿಗೆ.
ಒಂದಕ್ಕೂ ತಡವರಿಸಲಿಲ್ಲ ಆಸಾಮಿ.

‘ಈ ಮೂರು ಸಾವಿರ? ಪ್ರತಿ ತಿಂಗಳು ಏಳಕ್ಕೆ?’

ಫ್ಯಾನು ನೋಡಿದ.
‘ಅದನ್ನ ನಾನು ಮುಟ್ಟಿಲ್ಲ. ಬಿಟ್ಬಿಡಿ.’
‘ಹತ್ತಿರದವರು ಕೊಟ್ಟದ್ದಾದರೆ ತೆರಿಗೆ ಇಲ್ಲ,
ಸಂಬಂಧ ಏನು ಅಂತ ಬರೀಬೇಕು, ಅಷ್ಟೆ.’
ಕೆಳಗೆ ಜೆರಾಕ್ಸ್ ಯಂತ್ರ ಯಾರದೋ ಆಧಾರನ್ನು
ನಾಲ್ಕು ಸಲ ಉಗುಳಿತು.

ಆರು ವರ್ಷದಿಂದ ಬೀಗರು, ಓಣಿಯ ಹಿರಿಯರು,
ಒಲೆ ಮುಂದೆ ಕೂತ ಹೆಂಡತಿ
ಕೇಳಲು ಹೆದರಿದ್ದನ್ನು
ಇಲಾಖೆ ಒಂದು ಕಾಲಂ ಎಳೆದು ಕೇಳಿತ್ತು.

‘ಮಗಳು’ ಅಂದ.

ಟೈಪ್ ಮಾಡಿದೆ. ಸಣ್ಣ ಪದ,
ಕಾಲಂ ಬಹಳಷ್ಟು ಖಾಲಿ ಉಳಿಯಿತು.
‘ಹೆಸರು?’ ನನಗೇನು ಗೊತ್ತಿರಲಿಲ್ಲವೆ, ಆದರೂ ಕೇಳಿದೆ.
‘ಸುಗುಣ.’
‘ಕೊಟ್ಟದ್ದು ಹೌದು ಅಂತ ಅವಳದೊಂದು ಪತ್ರ ಬೇಕು,
ಸಹಿ ಸಮೇತ.’
‘ನಂಬರಿಲ್ಲ ನನ್ನ ಹತ್ರ.’

ಸ್ಟೇಟ್‌ಮೆಂಟನ್ನು ಅವನ ಕಡೆ ತಿರುಗಿಸಿದೆ.
ಹನ್ನೆರಡು ಏಳನೇ ತಾರೀಖು,
ಹನ್ನೆರಡರ ಪಕ್ಕದಲ್ಲೂ ಯುಪಿಐನ ಅದೇ ಹತ್ತಂಕಿ.

ಹರಾಜು ಚೀಟಿಯ ಬೆನ್ನಿಗೆ ಬರೆದುಕೊಂಡ,
ಒಂದೊಂದೇ ಅಂಕಿ. ಒಂಬತ್ತನ್ನು ಎರಡು ಸಲ ತಿದ್ದಿದ.
ಬಾಗಿಲಲ್ಲಿ ನಿಂತು, ‘ಎಷ್ಟು ದಿನ ಟೈಮೈತೆ ಅಂದ್ರಿ?’
‘ಹದಿಮೂರು.’
‘ಕಮ್ಮಿ ಆಯ್ತಲ್ಲ’ ಎಂದು
ಮೆಟ್ಟಿಲಿಳಿದ.